ಬೆಚ್ಟ್ಲರನ ಡಾಲರು, ಅಪ್ಪನ ಒರೆಗಲ್ಲು

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಸಮಿತಿಯ ಗೆಳೆಯರು ಫೋನ್ ಮಾಡಿದಾಗ, ಶಾಲೆಯ ನೆನಪುಗಳನ್ನೇ ಬರೆಯೋಣವೆಂದುಕೊಂಡಿದ್ದೆ. ಅವರು ಒಪ್ಪಲಿಲ್ಲ. ‘ಮಳೆ ಬಂದಾಗ ಹೆಂಚು ಸೋರಿದ್ದು, ಪಿ.ಟಿ. ಮೇಷ್ಟ್ರ ಬೆತ್ತ, ಇದನ್ನೆಲ್ಲ ಈಗಾಗಲೇ ಹದಿನಾರು ಜನ ಬರೆದಿದ್ದಾರೆ. ನೀನು ಅಮೆರಿಕದಲ್ಲಿ ಹಳೇ ಚಿನ್ನದ ನಾಣ್ಯ ಕೂಡಿಡ್ತೀಯಂತಲ್ಲ, ಅದನ್ನು ಬರಿ’ ಎಂದರು. ಊರಲ್ಲಿ ಹಾಗೊಂದು ಸುದ್ದಿ ಇರುವುದು ನನಗೆ ಗೊತ್ತು. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ: ನನ್ನ ಬಳಿ ಇರುವುದು ಒಟ್ಟು ಮೂರೇ ನಾಣ್ಯ. ಅದರಲ್ಲಿ ಒಂದು ಖೋಟಾ.

ನಾನು ಈ ಶಾಲೆಯ ಎರಡನೆಯ ತಂಡದವನು. 1975ರಲ್ಲಿ ಎಂಟನೇ ತರಗತಿಗೆ ಸೇರಿದೆ, 1978ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದೆ. ಪೇಟೆ ಬೀದಿಯ ಅಕ್ಕಸಾಲಿ ಮನೆಯ ಹುಡುಗನೆಂದರೆ ಹಿರಿಯರಿಗೆ ಗುರುತು ಸಿಗಬಹುದು. ಇಂಜಿನಿಯರಿಂಗ್ ಓದಿ, ಬೆಂಗಳೂರಲ್ಲಿ ಕೆಲಸ ಮಾಡಿ, 1998ರಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದ ಶಾರ್ಲೆಟ್ ಎಂಬ ಊರಿಗೆ ಹೋದೆ. ಅದು ಬ್ಯಾಂಕುಗಳ ಊರು. ಅಲ್ಲಿ ಒಂದು ಭಾನುವಾರ ಮಕ್ಕಳನ್ನು ಕರೆದುಕೊಂಡು ಮ್ಯೂಸಿಯಂ ನೋಡಲು ಹೋದೆ. ಹೆಸರು ಮಿಂಟ್ ಮ್ಯೂಸಿಯಂ. ಒಳಗೆ ಚಿತ್ರಗಳು, ಪಿಂಗಾಣಿ ಸಾಮಾನು. ಇದಕ್ಕೇಕೆ ಟಂಕಸಾಲೆಯ ಹೆಸರು ಎಂದು ವಿಚಾರಿಸಿದರೆ, ಆ ಕಟ್ಟಡವೇ ಒಂದು ಕಾಲಕ್ಕೆ ಅಮೆರಿಕ ಸರ್ಕಾರದ ಟಂಕಸಾಲೆಯಾಗಿತ್ತಂತೆ. ಪೇಟೆ ಮಧ್ಯದಲ್ಲಿದ್ದ ಅದನ್ನು ಕೆಡವಿ, ಅದೇ ಕಲ್ಲುಗಳಿಂದ ಈಗಿನ ಜಾಗದಲ್ಲಿ ಮತ್ತೆ ಕಟ್ಟಿ 1936ರಲ್ಲಿ ಮ್ಯೂಸಿಯಂ ಮಾಡಿದರು. 1838ರಲ್ಲಿ ಕೆಲಸ ಶುರುಮಾಡಿದ ಆ ಟಂಕಸಾಲೆಯಲ್ಲಿ ಚಿನ್ನದ ನಾಣ್ಯ ಬಿಟ್ಟು ಬೇರೇನನ್ನೂ ಮುದ್ರಿಸಲಿಲ್ಲ. ಚಿನ್ನ ಎಲ್ಲಿಂದ ಬಂತು? ಸುತ್ತಮುತ್ತಲ ಹೊಳೆ ಹಳ್ಳಗಳಿಂದಲೇ.

ಅಮೆರಿಕದ ಚಿನ್ನವೆಂದರೆ ನಾವು ಕ್ಯಾಲಿಫೋರ್ನಿಯಾ ಎನ್ನುತ್ತೇವೆ. ಆದರೆ ಅದಕ್ಕೆ ಅರ್ಧ ಶತಮಾನ ಮೊದಲೇ, 1799ರಲ್ಲಿ, ಶಾರ್ಲೆಟ್‌ನಿಂದ ಹತ್ತಿಪ್ಪತ್ತು ಮೈಲಿ ದೂರದ ಲಿಟಲ್ ಮೆಡೋ ಕ್ರೀಕ್ ಎಂಬ ಹಳ್ಳದಲ್ಲಿ ಕಾನ್ರಾಡ್ ರೀಡ್ ಎಂಬ ಹನ್ನೆರಡು ವರ್ಷದ ಹುಡುಗನಿಗೆ ಹೊಳೆಯುವ ಕಲ್ಲೊಂದು ಸಿಕ್ಕಿತು. ತೂಕ 17 ಪೌಂಡು, ಅಂದರೆ ಹತ್ತಿರ ಹತ್ತಿರ ಎಂಟು ಕೆ.ಜಿ. ಅವನ ಅಪ್ಪ ಜಾನ್ ರೀಡ್ ಜರ್ಮನಿಯಿಂದ ಬ್ರಿಟಿಷರ ಪರವಾಗಿ ಯುದ್ಧಕ್ಕೆ ಬಂದು ಸೈನ್ಯ ಬಿಟ್ಟು ಓಡಿ ಬೇಸಾಯಕ್ಕೆ ನಿಂತವನು. ಕಲ್ಲು ಏನೆಂದು ಯಾರಿಗೂ ತಿಳಿಯಲಿಲ್ಲ. ಮೂರು ವರ್ಷ ಅದನ್ನು ಬಾಗಿಲು ಬಡಿಯದಂತೆ ಆನಿಕೆಗೆ ಇಟ್ಟುಕೊಂಡಿದ್ದರು. 1802ರಲ್ಲಿ ಫೇಯೆಟ್‌ವಿಲ್ ಪೇಟೆಯ ಒಡವೆ ವ್ಯಾಪಾರಿಯೊಬ್ಬ ‘ಏನು ಬೆಲೆ’ ಎಂದು ಕೇಳಿದಾಗ ರೀಡ್ ಬಹಳ ದೊಡ್ಡ ಮೊತ್ತವೆಂದುಕೊಂಡು ಮೂರೂವರೆ ಡಾಲರ್ ಹೇಳಿದನಂತೆ. ಅದರ ನಿಜವಾದ ಬೆಲೆ ಆಗಿನ ಲೆಕ್ಕದಲ್ಲಿ 3,600 ಡಾಲರ್. ಮುಂದಿನ ವರ್ಷ ಅದೇ ಹಳ್ಳದಲ್ಲಿ 28 ಪೌಂಡಿನ ಗಟ್ಟಿ ಸಿಕ್ಕಿತು. ಅದನ್ನು ಎತ್ತಿದವನು ಪೀಟರ್ ಎಂಬ ಗುಲಾಮ. ಅವನಿಗೆ ಸಂಬಂಧಪಟ್ಟಂತೆ ಪುಸ್ತಕಗಳಲ್ಲಿ ಒಂದೆರಡು ಸಾಲಿಗಿಂತ ಹೆಚ್ಚು ಸಿಗುವುದಿಲ್ಲ.

ಈಗ ತೊಂದರೆ ಏನೆಂದರೆ, ಚಿನ್ನ ಇದ್ದರೂ ದುಡ್ಡಿಲ್ಲ. ದೇಶಕ್ಕೆ ಇದ್ದದ್ದು ಒಂದೇ ಟಂಕಸಾಲೆ, ದೂರದ ಫಿಲಡೆಲ್ಫಿಯಾದಲ್ಲಿ. ಗಾಡಿ ದಾರಿಯಲ್ಲಿ ಕಳ್ಳಕಾಕರ ಭಯ, ಹೋಗಿಬರಲು ವಾರಗಟ್ಟಲೆ ಸಮಯ. ಆದ್ದರಿಂದ ಅಂಗಡಿಯಲ್ಲಿ ಉಪ್ಪು, ಮೊಳೆ, ಬಟ್ಟೆಗೆ ಜನ ಚಿನ್ನದ ಪುಡಿಯನ್ನೇ ಕೊಡುತ್ತಿದ್ದರು. ಪುಡಿಯನ್ನು ಹಕ್ಕಿಯ ಗರಿಯ ಟೊಳ್ಳಿನಲ್ಲಿ ತುಂಬಿಟ್ಟುಕೊಳ್ಳುತ್ತಿದ್ದರು. ತೂಗುವವನು ಅಂಗಡಿಯವನು, ಬೆಲೆ ಕಟ್ಟುವವನೂ ಅವನೇ. ಅದರ ಫಲ ಏನೆಂದು ಹಳ್ಳಿಯವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಅಮೆರಿಕದ ಸಂವಿಧಾನ ರಾಜ್ಯಗಳು ನಾಣ್ಯ ಮುದ್ರಿಸಬಾರದು ಎಂದಿತ್ತು. ಆದರೆ ಖಾಸಗಿ ವ್ಯಕ್ತಿ ತನ್ನ ಹೆಸರು ಹಾಕಿ ಚಿನ್ನದ ನಾಣ್ಯ ಹೊಡೆಯಬಾರದು ಎಂದು ಎಲ್ಲೂ ಹೇಳಿರಲಿಲ್ಲ. ಸರ್ಕಾರದ ನಾಣ್ಯವನ್ನು ನಕಲು ಮಾಡದಿದ್ದರೆ ಸಾಕು. ಈ ಸಂದು 1864ರವರೆಗೂ ತೆರೆದೇ ಇತ್ತು. ಅದರೊಳಗಿಂದ ಬಂದ ನಾಣ್ಯಗಳೇ ನನ್ನ ವಿಷಯ.

ಮೊದಲು ನುಗ್ಗಿದವನು ಜಾರ್ಜಿಯಾ ರಾಜ್ಯದ ಟೆಂಪಲ್ಟನ್ ರೀಡ್. 1830ರಲ್ಲಿ ಎರಡೂವರೆ, ಐದು, ಹತ್ತು ಡಾಲರಿನ ನಾಣ್ಯ ಹೊಡೆದ. ‘ನಾನು ಪರೀಕ್ಷಕನಲ್ಲ’ ಎಂಬ ಅರ್ಥದ ಗುಪ್ತನಾಮದಲ್ಲಿ ಯಾರೋ ಪತ್ರಿಕೆಗೆ ಬರೆದು, ಇವನ ಹತ್ತು ಡಾಲರಿನಲ್ಲಿ ಇರುವುದು 9 ಡಾಲರ್ 38 ಸೆಂಟಿನ ಚಿನ್ನ ಮಾತ್ರ ಎಂದು ಆರೋಪಿಸಿದರು. ಕೆಲವೇ ತಿಂಗಳಲ್ಲಿ ಅಂಗಡಿ ಮುಚ್ಚಿತು. ಆ ಜಾರ್ಜಿಯಾದ ಚಿನ್ನದ ನೆಲ ಚೆರೊಕಿ ಬುಡಕಟ್ಟಿನವರದು. 1832ರಲ್ಲಿ ಅದನ್ನು ಬಿಳಿಯರಿಗೆ ಲಾಟರಿ ಎತ್ತಿ ಹಂಚಿದರು, 1838ರಲ್ಲಿ ಚೆರೊಕಿಗಳನ್ನು ಸೈನ್ಯ ಇಟ್ಟು ಹೊರಡಿಸಿದರು. ದಾರಿಯಲ್ಲಿ ಸಾವಿರಾರು ಜನ ಸತ್ತರು. ನಾಣ್ಯ ಸಂಗ್ರಹಕಾರರ ಕೂಟಗಳಲ್ಲಿ ಈ ಮಾತು ಅಷ್ಟಾಗಿ ಬರುವುದಿಲ್ಲ.

ಎರಡನೆಯವನು ಕ್ರಿಸ್ಟೋಫರ್ ಬೆಚ್ಟ್ಲರ್. ಇವನ ಬಗ್ಗೆ ನಾನು ಸ್ವಲ್ಪ ಹೆಚ್ಚು ಬರೆಯುತ್ತೇನೆ, ಏಕೆಂದರೆ ಇವನು ನಮ್ಮವನು. ಅಂದರೆ ಅಕ್ಕಸಾಲಿ. ಜರ್ಮನಿಯ ಬಾಡೆನ್ ಪ್ರಾಂತ್ಯದಿಂದ ಮಗ ಮತ್ತು ತಮ್ಮನ ಮಗನ ಜೊತೆ ಬಂದು ನಾರ್ತ್ ಕ್ಯಾರೊಲಿನಾದ ರುದರ್‌ಫರ್ಡ್‌ಟನ್‌ನಲ್ಲಿ ನೆಲೆಸಿದ. ಒಡವೆ ಮಾಡುತ್ತಿದ್ದ, ಗಡಿಯಾರ ರಿಪೇರಿ ಮಾಡುತ್ತಿದ್ದ, ಬಂದೂಕವನ್ನೂ ಮಾಡುತ್ತಿದ್ದ. 1831ರಲ್ಲಿ ಊರಿನ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟ: ನಿಮ್ಮ ಚಿನ್ನ ತನ್ನಿ, ನಾಣ್ಯ ಮಾಡಿಕೊಡುತ್ತೇನೆ. ಮಜೂರಿ ನೂರಕ್ಕೆ ಎರಡೂವರೆ. ಎರಡೂವರೆ ಡಾಲರ್, ಐದು ಡಾಲರ್ ಅಲ್ಲದೆ ಒಂದು ಡಾಲರಿನ ಚಿನ್ನದ ನಾಣ್ಯವನ್ನೂ ಹೊಡೆದ. ಅಮೆರಿಕದ ಮೊದಲ ಚಿನ್ನದ ಡಾಲರ್ ಅದೇ. ಸರ್ಕಾರ ಅಂಥದೊಂದು ನಾಣ್ಯ ತಂದದ್ದು 1849ರಲ್ಲಿ.

ಬೆಚ್ಟ್ಲರನ ನಾಣ್ಯ ನೋಡಲು ಏನೇನೂ ಚೆಂದವಿಲ್ಲ. ಸರ್ಕಾರಿ ನಾಣ್ಯದ ಮೇಲಿರುವ ಹದ್ದಿಲ್ಲ, ಸ್ವಾತಂತ್ರ್ಯ ದೇವಿಯ ಮುಖವಿಲ್ಲ. ಬರೀ ಅಕ್ಷರ: ಅವನ ಹೆಸರು, ಚಿನ್ನ ಯಾವ ಸೀಮೆಯದು, ತೂಕ ಎಷ್ಟು ಗ್ರೈನ್, ಎಷ್ಟು ಕ್ಯಾರೆಟ್. ಅಷ್ಟೇ. ಆದರೆ ಲೆಕ್ಕ ನೋಡಿ. ಅವನ ಐದು ಡಾಲರಿನ ನಾಣ್ಯಗಳಲ್ಲಿ ಒಂದರ ಮೇಲೆ 20 ಕ್ಯಾರೆಟ್, 140 ಗ್ರೈನ್ ಎಂದಿದೆ. ಇನ್ನೊಂದರ ಮೇಲೆ 21 ಕ್ಯಾರೆಟ್, 134 ಗ್ರೈನ್. ಜಾರ್ಜಿಯಾದ ಒಳ್ಳೆಯ ಚಿನ್ನದ ನಾಣ್ಯದ ಮೇಲೆ 22 ಕ್ಯಾರೆಟ್, 128 ಗ್ರೈನ್. ಕ್ಯಾರೆಟ್ಟನ್ನು ತೂಕಕ್ಕೆ ಗುಣಿಸಿದರೆ ಕ್ರಮವಾಗಿ 2800, 2814, 2816. ಮೂರರಲ್ಲೂ ಇರುವ ಶುದ್ಧ ಚಿನ್ನ ಹೆಚ್ಚುಕಡಿಮೆ ಒಂದೇ, ಸುಮಾರು 117 ಗ್ರೈನ್. ಸರ್ಕಾರದ ಐದು ಡಾಲರಿನಲ್ಲಿ ಇದ್ದದ್ದು 116. ಹಳ್ಳದಿಂದ ಬಂದ ಚಿನ್ನದಲ್ಲಿ ಬೆಳ್ಳಿ ಎಷ್ಟಿದೆಯೋ ಅದನ್ನು ಬೇರ್ಪಡಿಸುವ ಗೊಡವೆಗೆ ಹೋಗದೆ, ಮಟ್ಟ ಕಡಿಮೆ ಇದ್ದರೆ ತೂಕ ಹೆಚ್ಚಿಸಿ, ಎರಡನ್ನೂ ಮುಖದ ಮೇಲೆ ಬರೆದುಬಿಟ್ಟ. ಬೇಕಾದವರು ತೂಗಿಕೊಳ್ಳಲಿ, ಒರೆ ಹಚ್ಚಿಕೊಳ್ಳಲಿ! 1834ರಲ್ಲಿ ಸರ್ಕಾರ ತನ್ನ ನಾಣ್ಯದ ಚಿನ್ನ ಕಡಿಮೆ ಮಾಡಿದಾಗ ಇವನು ತನ್ನ ನಾಣ್ಯವನ್ನೂ ಅದಕ್ಕೆ ಸರಿಹೊಂದಿಸಿ, ಹಳೆಯದಕ್ಕೂ ಹೊಸದಕ್ಕೂ ಗಲಿಬಿಲಿಯಾಗದಿರಲೆಂದು ಕೆಲವದರ ಮೇಲೆ ‘1834 ಆಗಸ್ಟ್ 1’ ಎಂದು ದಿನಾಂಕ ಹಾಕಿದ.

ಅವನು ಚಿನ್ನದ ವಿಷಯದಲ್ಲಿ ದೇವರೇ ಆಗಿದ್ದ ಎಂದಲ್ಲ. ಫಿಲಡೆಲ್ಫಿಯಾದ ಪರೀಕ್ಷಕರು ಅವನ ಕೆಲವು ನಾಣ್ಯಗಳನ್ನು ಕರಗಿಸಿ ನೋಡಿ, ಬರೆದದ್ದಕ್ಕಿಂತ ಅಷ್ಟಿಷ್ಟು ಕಡಿಮೆ ಇದೆ ಎಂದು ದಾಖಲಿಸಿದ್ದಾರೆ. ಆದರೂ ಅಲ್ಲಿಗೆ ಹೋಗಿ ಬಂದ ಇಂಗ್ಲಿಷ್ ಭೂಗರ್ಭಶಾಸ್ತ್ರಜ್ಞ ಫೆದರ್‌ಸ್ಟನ್‌ಹಾ ಎಂಬಾತ ಇವನ ಪ್ರಾಮಾಣಿಕತೆಯನ್ನು ಹೊಗಳಿ ಬರೆದ. 1831ರಿಂದ 1840ರವರೆಗೆ ಆ ಮನೆಯಲ್ಲಿ ಇಪ್ಪತ್ತೆರಡು ಲಕ್ಷ ಡಾಲರಿಗೂ ಮೀರಿ ನಾಣ್ಯ ಹೊಡೆಯಲಾಯಿತು. ಅಷ್ಟು ಚಿನ್ನ ಒಬ್ಬ ಅಕ್ಕಸಾಲಿಯ ಕೈ ಮೇಲೆ ಹೋಗಬೇಕಾದರೆ ರೈತರೂ ಅಂಗಡಿಯವರೂ ಅವನ ಹೆಸರನ್ನು ನಂಬಿರಲೇಬೇಕು.

ಇದನ್ನು ಓದಿದ ಮೇಲೆ ನನಗೆ ಬೆಚ್ಟ್ಲರನ ನಾಣ್ಯ ಒಂದಾದರೂ ಬೇಕೆನ್ನಿಸಿತು. 2003ರಲ್ಲಿ, ಹೆಂಡತಿಗೆ ಅರ್ಧ ಬೆಲೆ ಹೇಳಿ, ಒಂದು ಡಾಲರಿನದನ್ನು ಸಾವಿರದ ಚಿಲ್ಲರೆ ಡಾಲರ್ ಕೊಟ್ಟು ಕೊಂಡೆ. (ಈ ಸಂಚಿಕೆ ಅವಳ ಕೈಗೂ ಹೋಗುತ್ತದೆ ಎಂಬುದು ನನಗೆ ನೆನಪಿದೆ.) ಅದು 1840ರ ದಶಕದ್ದು, ಮಗ ಆಗಸ್ಟಸ್‌ನ ಹೆಸರಿದೆ. 27 ಗ್ರೈನ್, 21 ಕ್ಯಾರೆಟ್, ಕ್ಯಾರೊಲಿನಾ ಗೋಲ್ಡ್. ಗುಲಗಂಜಿ ಲೆಕ್ಕದಲ್ಲಿ ಹದಿನಾಲ್ಕೂವರೆ. ಅಂಗಿಯ ಗುಂಡಿಯಷ್ಟಗಲ. ಪರೀಕ್ಷಿಸಿದವರು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯೊಳಗೆ ಮುಚ್ಚಿ, ಅದರ ದರ್ಜೆ ಬರೆದು ಕೊಟ್ಟಿದ್ದರು.

ಮುಂದಿನ ವರ್ಷ ಅಪ್ಪ ಅಮ್ಮ ಆರು ತಿಂಗಳಿಗೆ ಬಂದರು. ಅಪ್ಪನ ಪೆಟ್ಟಿಗೆಯಲ್ಲಿ ಪಂಚೆಗಳ ನಡುವೆ ಒರೆಗಲ್ಲಿತ್ತು. ‘ಕಲ್ಲು ಹೊತ್ಕೊಂಡು ವಿಮಾನ ಹತ್ತಿದ ಮನುಷ್ಯ ಇವರೊಬ್ಬರೇ’ ಎಂದು ಅಮ್ಮ ಬೈದಳು.

ಅಪ್ಪನನ್ನು ರೀಡ್ ಗಣಿಗೆ ಕರೆದುಕೊಂಡು ಹೋದೆ. ಅದೀಗ ಸರ್ಕಾರದ ಸಂರಕ್ಷಿತ ಜಾಗ. ನೋಡಲು ಬಂದವರಿಗೆ ತಟ್ಟೆ ಕೊಟ್ಟು ಮರಳು ಜಾಲಿಸಲು ಬಿಡುತ್ತಾರೆ. ಅಪ್ಪ ಪಂಚೆ ಎತ್ತಿ ಕಟ್ಟಿ ಕುಕ್ಕರುಗಾಲಲ್ಲಿ ಕೂತರು. ನಮ್ಮ ಬೀದಿಗೆ ವರ್ಷಕ್ಕೊಮ್ಮೆ ಜಾಲಗಾರರು ಬಂದು ಅಕ್ಕಸಾಲಿ ಮನೆಗಳ ಬೂದಿ, ಗುಡಿಸಿದ ಕಸ, ಚರಂಡಿಯ ಮಣ್ಣು ಕೊಂಡು ತೊಳೆಯುತ್ತಿದ್ದುದು ಹಳಬರಿಗೆ ನೆನಪಿರಬಹುದು. ಅಪ್ಪ ಅವರದೇ ವರಸೆಯಲ್ಲಿ ತಟ್ಟೆ ಓಲಾಡಿಸಿ, ಕೊನೆಯ ನೀರು ಚೆಲ್ಲಿ, ಸಾಸಿವೆಗಿಂತ ಸಣ್ಣದೊಂದು ಚೂರನ್ನು ಬೆರಳ ತುದಿಗೆ ಅಂಟಿಸಿ ತೋರಿಸಿದರು. ಪಕ್ಕದಲ್ಲಿದ್ದ ಅಮೆರಿಕದ ಹುಡುಗರು ಚಪ್ಪಾಳೆ ತಟ್ಟಿದರು. ಬಾಗಿಲಿಗೆ ಆನಿಕೆ ಇಟ್ಟಿದ್ದ ಗಟ್ಟಿಯ ಕಥೆ ಹೇಳಿದಾಗ ಮಾತ್ರ ಅಪ್ಪ ನಗಲಿಲ್ಲ. ‘ಆ ವ್ಯಾಪಾರಿಗೆ ಗೊತ್ತಿತ್ತೋ ಇಲ್ಲವೋ?’ ಎಂದು ಕೇಳಿದರು. ಗೊತ್ತಿತ್ತು ಎಂದೆ. ‘ಹಾಗಾದ್ರೆ ಅವನು ಅಕ್ಕಸಾಲಿ ಅಲ್ಲ, ಬಿಡು.’

ಮನೆಗೆ ಬಂದ ಮೇಲೆ ನನ್ನ ನಾಣ್ಯಗಳನ್ನು ತೋರಿಸಿದೆ. ಆಗ ಎರಡಿದ್ದವು. ಬೆಚ್ಟ್ಲರನದು ಒಂದು, ವಾರಾಂತ್ಯದ ನಾಣ್ಯ ಸಂತೆಯೊಂದರಲ್ಲಿ 85 ಡಾಲರಿಗೆ ಕೊಂಡಿದ್ದ ಕ್ಯಾಲಿಫೋರ್ನಿಯಾದ ಚಿಕ್ಕ ಅರ್ಧ ಡಾಲರ್ ಇನ್ನೊಂದು. ಚಿಲ್ಲರೆಯ ಅಭಾವ ನೀಗಲು ಅಲ್ಲಿನ ಒಡವೆ ಅಂಗಡಿಗಳವರು 1852ರಿಂದ ಕಾಲು, ಅರ್ಧ ಡಾಲರಿನ ಪುಟಾಣಿ ಚಿನ್ನದ ನಾಣ್ಯ ಹೊಡೆಯುತ್ತಿದ್ದರು. ನನ್ನದರ ಹಿಂಬದಿಯಲ್ಲಿ ಕರಡಿಯ ಚಿತ್ರವಿತ್ತು. ಅಪ್ಪ ಅದನ್ನು ಅಂಗೈಯಲ್ಲಿಟ್ಟು ಒಮ್ಮೆ ಮೇಲಕ್ಕೆ ತೂರಿ ಹಿಡಿದರು. ಒರೆಗಲ್ಲು ತಂದರು, ಒಂದು ಗೆರೆ ಎಳೆದರು, ಪಕ್ಕದಲ್ಲಿ ತಮ್ಮ ಉಂಗುರದ ಗೆರೆ ಎಳೆದರು. ‘ಹಿತ್ತಾಳೆ ಕಣೋ. ಮೇಲೊಂದು ನೀರು ಕೊಟ್ಟಿದಾರೆ ಅಷ್ಟೆ.’ ಆಮೇಲೆ ಪುಸ್ತಕ ತೆಗೆದು ನೋಡಿದರೆ ಅಲ್ಲೇ ಬರೆದಿತ್ತು: ಅಸಲಿ ನಾಣ್ಯದ ಮೇಲೆ ಡಾಲರ್ ಎಂಬ ಪದವೋ ಅದರ ಸಂಕ್ಷೇಪವೋ ಇರುತ್ತದೆ. ಬರೀ ಅರ್ಧ ಎಂಬ ಅಂಕಿ ಇದ್ದು ಹಿಂದೆ ಕರಡಿ ಇದ್ದರೆ ಅದು ಬಹುತೇಕ ಆಮೇಲಿನ ಕಾಲದಲ್ಲಿ ಪ್ರವಾಸಿಗಳಿಗಾಗಿ ಮಾಡಿದ ಬಿಲ್ಲೆ. ನಾಣ್ಯ ಕೊಳ್ಳುವ ಮೊದಲು ಪುಸ್ತಕ ಕೊಳ್ಳಬೇಕು ಎಂದು ಈ ಹವ್ಯಾಸದವರು ಹೇಳುತ್ತಾರೆ. ನಾನು ಪುಸ್ತಕವನ್ನೂ ಕೊಂಡಿದ್ದೆ, ಓದಿರಲಿಲ್ಲ.

ಅಪ್ಪ ಮುಂದೆ ಬೆಚ್ಟ್ಲರನ ಡಬ್ಬಿಗೆ ಕೈಹಾಕಿದರು. ‘ಇದನ್ನ ಒಡಿ, ನೋಡಾಣ.’ ನಾನು ಕೂಗಿಕೊಂಡೇಬಿಟ್ಟೆ. ಒರೆ ಹಚ್ಚಿದ ಗೀರು ಬಿದ್ದರೆ ಅದರ ಬೆಲೆ ಅರ್ಧಕ್ಕೆ ಇಳಿಯುತ್ತದೆ, ಡಬ್ಬಿ ಒಡೆದರೂ ಇಳಿಯುತ್ತದೆ, ಕೊಳೆ ತೊಳೆದರಂತೂ ಕೇಳುವವರೇ ಇರುವುದಿಲ್ಲ ಎಂದು ವಿವರಿಸಿದೆ. ಅಂಟುವಾಳಕಾಯಿ ನೊರೆಯಲ್ಲಿ ಒಂದು ಸಲ ಅದ್ದಿ ತೆಗೆದರೆ ಹೊಳೆಯುತ್ತಲ್ಲ ಎನ್ನುತ್ತಿದ್ದವರು ಸುಮ್ಮನಾದರು. ‘ಒರೆ ಹಚ್ಚಬಾರದು, ಮುಟ್ಟಬಾರದು, ತೊಳೀಬಾರದು. ಹಾಗಿದ್ರೆ ಅದು ಚಿನ್ನ ಅಂತ ನೀನು ಹೆಂಗೆ ನಂಬ್ತೀಯ?’ ಡಬ್ಬಿಯ ಮೇಲೆ ಬರೆದಿದೆ ಎಂದೆ. ಅಪ್ಪ ಕನ್ನಡಕ ಏರಿಸಿ ಆ ಚೀಟಿಯನ್ನು ನೋಡಿದರು, ಮತ್ತೆ ನನ್ನ ಮುಖ ನೋಡಿದರು.

ಕ್ಯಾಲಿಫೋರ್ನಿಯಾದ ಕಥೆಯನ್ನು ಆ ರಾತ್ರಿಯಿಂದ ಕಂತುಗಳಲ್ಲಿ ಹೇಳಿದೆ. ಜೇಮ್ಸ್ ಮಾರ್ಷಲ್‌ಗೆ ಕೊಲೋಮಾದ ಮರ ಕೊಯ್ಯುವ ಮಿಲ್ಲಿನ ಕಾಲುವೆಯಲ್ಲಿ ಚಿನ್ನ ಕಂಡದ್ದು 1848ರ ಜನವರಿ 24ರಂದು. ಒಂದೆರಡು ವರ್ಷದಲ್ಲಿ ಲಕ್ಷದ ಹತ್ತಿರ ಜನ ನುಗ್ಗಿದರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹೆಂಡದಂಗಡಿಯವನು ಗಿರಾಕಿಯ ಚೀಲದಿಂದ ಎರಡು ಬೆರಳಲ್ಲಿ ಚಿಟಿಕೆ ಪುಡಿ ತೆಗೆದರೆ ಅದು ಒಂದು ಡಾಲರ್. ಹೆಬ್ಬೆರಳು ದಪ್ಪ ಇದ್ದವರಿಗೆ ಅಲ್ಲಿ ಕೆಲಸ ಬೇಗ ಸಿಗುತ್ತಿತ್ತಂತೆ. ಸುಂಕದ ಕಟ್ಟೆಯಲ್ಲಿ ಮಾತ್ರ ಪುಡಿ ನಡೆಯದು, ನಾಣ್ಯವೇ ಆಗಬೇಕು. ಆದ್ದರಿಂದ ಚಿನ್ನದ ಪುಡಿ ಔನ್ಸಿಗೆ ಹದಿನಾರು ಡಾಲರಿಗೆ, ಕೆಲವೊಮ್ಮೆ ಅದಕ್ಕೂ ಕೆಳಗೆ ಹೋಗುತ್ತಿತ್ತು. ಟಂಕಸಾಲೆಯಲ್ಲಿ ಅದೇ ಪುಡಿಗೆ ಹದಿನೆಂಟು ಡಾಲರ್. ಈ ಎರಡು ಡಾಲರಿನ ಸಂದಿನಲ್ಲಿ 1849ರಿಂದ ಹತ್ತಾರು ಖಾಸಗಿ ಟಂಕಸಾಲೆಗಳು ಹುಟ್ಟಿದವು.

ಅವುಗಳಲ್ಲಿ ಮಾಫಟ್ ಕಂಪನಿಯವರು ಸಂಭಾವಿತರು. ಬಾಲ್ಡ್‌ವಿನ್ ಕಂಪನಿಯವರ ಹತ್ತು ಡಾಲರಿನ ನಾಣ್ಯ ಎಲ್ಲಕ್ಕಿಂತ ಸುಂದರ: ಕುದುರೆ ಏರಿದವನೊಬ್ಬ ಹಗ್ಗದ ಕುಣಿಕೆ ಬೀಸುತ್ತಿದ್ದಾನೆ. 1851ರ ಮಾರ್ಚಿನಲ್ಲಿ ಜೇಮ್ಸ್ ಕಿಂಗ್ ಎಂಬ ಬ್ಯಾಂಕಿನವನು ಮಾರುಕಟ್ಟೆಯಲ್ಲಿದ್ದ ಖಾಸಗಿ ನಾಣ್ಯಗಳನ್ನು ಸರ್ಕಾರದ ಪರೀಕ್ಷಕ ಅಗಸ್ಟಸ್ ಹಂಬರ್ಟ್‌ಗೆ ಕೊಟ್ಟು ಪರೀಕ್ಷೆ ಮಾಡಿಸಿ, ಬಂದ ಫಲವನ್ನು ಪ್ರಕಟಿಸಿಬಿಟ್ಟ. ಬಾಲ್ಡ್‌ವಿನ್‌ನ ಇಪ್ಪತ್ತು ಡಾಲರಿನಲ್ಲಿ ಇದ್ದದ್ದು 19 ಡಾಲರ್ 40 ಸೆಂಟಿನ ಚಿನ್ನ. ನೂರಕ್ಕೆ ಮೂರು ಕಡಿಮೆ, ಅಷ್ಟೇ. ಪುಡಿಯನ್ನು ಚಿಟಿಕೆಯಲ್ಲಿ ಅಳೆಯುತ್ತಿದ್ದ ಊರಿಗೆ ಅದು ದೊಡ್ಡ ಮೋಸವೇ? ಆದರೆ ಮಾರನೆಯ ದಿನದಿಂದ ಬ್ಯಾಂಕುಗಳು, ಅಂಗಡಿಗಳು ಅದನ್ನು ಮುಟ್ಟಲಿಲ್ಲ. ಬಾಲ್ಡ್‌ವಿನ್ ಹಡಗು ಹತ್ತಿದ. ನಷ್ಟ ಬಿದ್ದದ್ದು ಆ ದಿನ ಜೇಬಿನಲ್ಲಿ ಆ ನಾಣ್ಯ ಇಟ್ಟುಕೊಂಡಿದ್ದ ಕೂಲಿಯವನಿಗೆ. ಕುದುರೆ ಸವಾರನ ನಾಣ್ಯಗಳೆಲ್ಲ ಮೂಸೆಗೆ ಹೋದವು. ಉಳಿದ ಕೆಲವಕ್ಕೆ ಇಂದು ಮನೆಗಳ ಬೆಲೆ. ಈ ಕಿಂಗ್ ಮುಂದೆ ಪತ್ರಿಕೆ ತೆಗೆದು ಇನ್ನೂ ಹಲವರ ಬಣ್ಣ ಬಯಲು ಮಾಡಿ, 1856ರಲ್ಲಿ ನಡುಬೀದಿಯಲ್ಲಿ ಗುಂಡೇಟಿಗೆ ಸತ್ತ.

ಆ ಹಂಬರ್ಟ್ ನ್ಯೂಯಾರ್ಕಿನಲ್ಲಿ ಗಡಿಯಾರದ ಕವಚ ಮಾಡುತ್ತಿದ್ದವನು. ಅವನ ಮುದ್ರೆಯ ಐವತ್ತು ಡಾಲರಿನ ಎಂಟು ಮೂಲೆಯ ಬಿಲ್ಲೆ ಏಳು ತೊಲಕ್ಕೂ ಹೆಚ್ಚು ತೂಕ. ನಾಣ್ಯ ಸಂತೆಯಲ್ಲಿ ಗಾಜಿನ ಕೆಳಗೆ ಅಪ್ಪನಿಗೆ ಒಂದನ್ನು ತೋರಿಸಿದೆ. ‘ಇದರಲ್ಲಿ ತಾಮ್ರ ಇಲ್ಲ, ಬೆಳ್ಳಿ ಇದೆ’ ಎಂದರು, ಗಾಜಿನ ಮೇಲಿಂದಲೇ. ನಿಜ. ಕ್ಯಾಲಿಫೋರ್ನಿಯಾದ ಚಿನ್ನದಲ್ಲಿ ಸಾವಿರಕ್ಕೆ 880ರ ಆಸುಪಾಸು ಚಿನ್ನ, ಉಳಿದದ್ದು ಹುಟ್ಟಿನಿಂದ ಬಂದ ಬೆಳ್ಳಿ. ಸರ್ಕಾರಿ ನಾಣ್ಯಕ್ಕೆ ತಾಮ್ರ ಬೆರೆಸುತ್ತಿದ್ದರು, ಅದಕ್ಕೆ ಕೆಂಪು ಛಾಯೆ.

ಬೇರೆ ಕಡೆಯ ನಾಣ್ಯಗಳ ವಿಷಯ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಸಾಲ್ಟ್ ಲೇಕ್ ಸಿಟಿಯ ಮಾರ್ಮನ್ ಪಂಥದವರು ಶುದ್ಧ ಚಿನ್ನವೆಂದು ಬರೆದು ನಾಣ್ಯ ಹೊಡೆದರು, ಅದರಲ್ಲಿ ನೂರಕ್ಕೆ ಹತ್ತಕ್ಕೂ ಹೆಚ್ಚು ಕೊರೆ ಬಂತು. 1860ರ ನಾಣ್ಯದ ಮೇಲೆ ತಾವೇ ಕಟ್ಟಿದ ಹೊಸ ಲಿಪಿಯಲ್ಲಿ ಬರೆದರು, ಆ ಲಿಪಿ ಮೂಲೆಗೆ ಬಿತ್ತು. ಡೆನ್ವರ್‌ನ ಕ್ಲಾರ್ಕ್ ಗ್ರೂಬರ್ ಬ್ಯಾಂಕಿನವರು 1860ರಲ್ಲಿ ಚಿನ್ನಕ್ಕೆ ಏನೂ ಹೆಚ್ಚು ಬೆರೆಸದೆ ಹೊಡೆದ ನಾಣ್ಯ ಮೆತ್ತಗಾಗಿ ಬೇಗ ಸವೆಯಿತು. ‘ಅಪರಂಜಿಯಲ್ಲಿ ಒಡವೆ ನಿಲ್ಲಲ್ಲ ಅಂತ ನಮ್ಮನ್ನ ಕೇಳಿದ್ರೆ ಹೇಳ್ತಿರಲಿಲ್ವೆ’ ಎಂದರು ಅಪ್ಪ. ಮುಂದಿನ ವರ್ಷ ಬೆರಕೆ ಸರಿಮಾಡಿದರೂ ಚಿನ್ನವನ್ನು ಸರ್ಕಾರಿ ನಾಣ್ಯಕ್ಕಿಂತ ತುಸು ಹೆಚ್ಚೇ ಇಟ್ಟರು. ಸರ್ಕಾರ 1863ರಲ್ಲಿ ಅವರ ಟಂಕಸಾಲೆಯನ್ನೇ 25,000 ಡಾಲರಿಗೆ ಕೊಂಡುಕೊಂಡಿತು. ಅವರ ಹತ್ತು, ಇಪ್ಪತ್ತು ಡಾಲರಿನ ಮೇಲಿರುವ ಪೈಕ್ಸ್ ಪೀಕ್ ಪರ್ವತ ಮಾತ್ರ ಮಕ್ಕಳು ಬರೆದ ತ್ರಿಕೋನದಂತಿದೆ, ಅಸಲಿ ಬೆಟ್ಟಕ್ಕೂ ಅದಕ್ಕೂ ಹೋಲಿಕೆಯೇ ಇಲ್ಲ.

ಅಪ್ಪನಿಗೆ ಎಲ್ಲಕ್ಕಿಂತ ಹಿಡಿಸಿದ್ದು ಆರೆಗನ್ ಸೀಮೆಯದು. ಅಲ್ಲಿ 1849ರಲ್ಲಿ ಊರಿನ ಎಂಟು ಜನ ಪ್ರಮುಖರು ಸೇರಿ ಬೀವರ್ ಎಂಬ ನೀರುಪ್ರಾಣಿಯ ಚಿತ್ರವಿದ್ದ ಐದು, ಹತ್ತು ಡಾಲರಿನ ನಾಣ್ಯ ಹೊಡೆದರು. ಐದು ಡಾಲರಿನದರ ಮೇಲೆ ಎಂಟೂ ಜನರ ಹೆಸರಿನ ಮೊದಲಕ್ಷರ. ಅದರಲ್ಲೂ ಒಂದು ಅಕ್ಷರ ತಪ್ಪು. ಆದರೆ ತೂಕದಲ್ಲಿ ತಪ್ಪಿಲ್ಲ, ಸರ್ಕಾರದ ನಾಣ್ಯಕ್ಕಿಂತ ಹೆಚ್ಚೇ ಚಿನ್ನ ಹಾಕಿದ್ದರು. ಹಾಗೆ ಹಾಕಿದ್ದರಿಂದಲೇ ಜನ ಅವನ್ನು ಕೂಡಿಸಿ ಕರಗಿಸಿ ಲಾಭ ಮಾಡಿಕೊಂಡರು. ಕಡಿಮೆ ಚಿನ್ನದ ನಾಣ್ಯವನ್ನು ಕೋಪದಿಂದ ಕರಗಿಸಿದರು, ಹೆಚ್ಚು ಚಿನ್ನದ್ದನ್ನು ಆಸೆಯಿಂದ. ಖಾಸಗಿ ನಾಣ್ಯಗಳು ಇಂದು ಸಿಗದಿರಲು ಕಾರಣ ಇಷ್ಟೇ. 1857ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಚಿನ್ನ ಹೊತ್ತು ಬರುತ್ತಿದ್ದ ಸೆಂಟ್ರಲ್ ಅಮೆರಿಕ ಎಂಬ ಹಡಗು ಕ್ಯಾರೊಲಿನಾ ತೀರದಾಚೆ ಬಿರುಗಾಳಿಗೆ ಮುಳುಗಿ ನಾನೂರಕ್ಕೂ ಹೆಚ್ಚು ಜನ ಸತ್ತರು. 1988ರಲ್ಲಿ ಅದರ ಚಿನ್ನ ಮೇಲೆ ಬಂದಾಗ ಖಾಸಗಿಯವರ ಗಟ್ಟಿಗಳೂ ನಾಣ್ಯಗಳೂ ಹೊಸದರಂತೆ ಸಿಕ್ಕವು. ಮೂಸೆಗೆ ಸಿಗದೆ ಉಳಿಯಲು ಸಮುದ್ರದ ತಳಕ್ಕೇ ಹೋಗಬೇಕಾಯಿತು.

‘ನಾನೆಷ್ಟು ಕರಗಿಸಿದೀನೋ ಲೆಕ್ಕ ಇಟ್ಟಿಲ್ಲ’ ಎಂದರು ಅಪ್ಪ. ವರಾಹ, ಹಣ, ಸವರನ್. ಮದುವೆ ಮನೆಯವರು ಸೆರಗಿನ ಗಂಟಿನಿಂದ ಬಿಚ್ಚಿ ಕೊಟ್ಟದ್ದನ್ನು ಮೂಸೆಗೆ ಹಾಕಿ ಓಲೆ, ಬಳೆ ಮಾಡಿಕೊಟ್ಟಿದ್ದರು. ಅದು ಕೆಲಸ. 1963ರ ಜನವರಿಯಲ್ಲಿ, ನನಗಿನ್ನೂ ವರ್ಷ ತುಂಬಿರಲಿಲ್ಲ, ಚಿನ್ನ ನಿಯಂತ್ರಣದ ಆಜ್ಞೆ ಬಂತು. 14 ಕ್ಯಾರೆಟ್‌ಗಿಂತ ಮೇಲಿನ ಚಿನ್ನದಲ್ಲಿ ಹೊಸ ಒಡವೆ ಮಾಡಕೂಡದು. ಯಾವ ತಾಯಿ ಮಗಳಿಗೆ 14 ಕ್ಯಾರೆಟ್ ತಾಳಿ ಮಾಡಿಸುತ್ತಾಳೆ? ದೇಶದಾದ್ಯಂತ ಅಕ್ಕಸಾಲಿಗಳ ಕುಲುಮೆ ಆರಿತು, ಪ್ರಾಣ ಕಳೆದುಕೊಂಡವರೂ ಇದ್ದರು. ಆ ಮಿತಿ 1966ರಲ್ಲಿ ಹೋದರೂ 1968ರಲ್ಲಿ ಕಾಯಿದೆಯೇ ಬಂತು, 1990ರವರೆಗೆ ಇತ್ತು. ಅಪ್ಪ ಕೆಲವು ವರ್ಷ ಪಾತ್ರೆಗೆ ಹೆಸರು ಕೊರೆದು, ಬೀಗ ರಿಪೇರಿ ಮಾಡಿ ಸಂಸಾರ ನಡೆಸಿದರು. ಅಮೆರಿಕದಲ್ಲೂ 1933ರ ಏಪ್ರಿಲಿನಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಜನರೆಲ್ಲ ಚಿನ್ನದ ನಾಣ್ಯ ಒಪ್ಪಿಸಬೇಕೆಂದು ಆಜ್ಞೆ ಮಾಡಿದ್ದರು. ಆದರೆ ಸಂಗ್ರಹಕಾರರ ಅಪರೂಪದ ನಾಣ್ಯಗಳಿಗೆ ವಿನಾಯಿತಿ ಇತ್ತು. ಬೆಚ್ಟ್ಲರನ ನಾಣ್ಯ ನನ್ನ ತನಕ ಬಂದದ್ದರಲ್ಲಿ ಆ ವಿನಾಯಿತಿಯ ಪಾಲೂ ಇದೆ. ಇದನ್ನು ಹೇಳಿದಾಗ ಅಪ್ಪ, ‘ನಮ್ಮ ಮನೇಲೂ ಒಂದಿತ್ತು’ ಎಂದರು.

ನನಗದು ಗೊತ್ತೇ ಇರಲಿಲ್ಲ. ಅವರ ತಾತನ ಕಾಲದ ವರಾಹವಂತೆ. ಒಂದು ಕಡೆ ಶಿವ ಪಾರ್ವತಿ, ಇನ್ನೊಂದು ಕಡೆ ಪಾರ್ಸಿ ಅಕ್ಷರ. ಹೈದರಾಲಿಯ ವರಾಹ ಹಾಗಿರುತ್ತದೆ, ಹಳೆಯ ದೇವರ ಚಿತ್ರವನ್ನೇ ಉಳಿಸಿಕೊಂಡು ತನ್ನ ಹೆಸರಿನ ಮೊದಲಕ್ಷರ ಹಾಕಿಸಿದ್ದ. ಎಷ್ಟು ಕಷ್ಟ ಬಂದರೂ, 1963ರಲ್ಲೂ, ಅದನ್ನು ಕರಗಿಸಲಿಲ್ಲ. 1974ರಲ್ಲಿ ಹೈಸ್ಕೂಲ್ ಮಂಜೂರಾಯಿತು, ಕಟ್ಟಡಕ್ಕೆ ಊರಿನವರು ವಂತಿಗೆ ಕೊಡಬೇಕೆಂದು ತೀರ್ಮಾನವಾಯಿತು. ಜಮೀನಿದ್ದವರು ಭತ್ತ ಅಳೆದರು, ಗಾಡಿ ಇದ್ದವರು ಕಲ್ಲು ಹೊಡೆದರು. ಅಕ್ಕಸಾಲಿಯ ಮನೆಯಲ್ಲಿ ಕೊಡಲು ಏನಿತ್ತು? ಅಪ್ಪ ಒಂದು ದಿನ ಬಸ್ಸು ಹತ್ತಿ ತಾಲ್ಲೂಕಿಗೆ ಹೋಗಿ ವರಾಹ ಮಾರಿ, ಬಂದ ನೂರೈವತ್ತು ರೂಪಾಯಿಯನ್ನು ಪಂಚಾಯಿತಿ ಕಟ್ಟೆಯಲ್ಲಿ ಎಣಿಸಿ ಕೊಟ್ಟರು. ‘ಒಂದು ಕೋಣೆಗೆ ಹೆಂಚಾಗುತ್ತೆ ಅಂದರು.’ ಅಮ್ಮನಿಗೂ ಹೇಳಿರಲಿಲ್ಲವಂತೆ. ಅಮ್ಮ ಅಡುಗೆಮನೆಯಿಂದ, ‘ನಂಗೆ ಆವತ್ತೇ ಗೊತ್ತಿತ್ತು, ಡಬ್ಬಿ ಹಗುರ ಆಗಿತ್ತು’ ಎಂದಳು.

ಸ್ವಲ್ಪ ಹೊತ್ತಿನ ನಂತರ, ಆ ತಾಲ್ಲೂಕಿನ ಅಂಗಡಿಯವನು ಅದನ್ನು ಕರಗಿಸಿದನೇ ಎಂದು ಕೇಳಿದೆ. ‘ಕರಗಿಸದೆ ಏನು ಮಾಡ್ತಾನೆ’ ಎಂದರು.

ನನ್ನ ಮೂರನೆಯ ನಾಣ್ಯ ಹೈದರನ ವರಾಹ. 2012ರಲ್ಲಿ ಬೆಂಗಳೂರಿನ ಹರಾಜೊಂದರಲ್ಲಿ ಕೊಂಡೆ. ಅದು ನಮ್ಮ ಮನೆಯದಲ್ಲ, ಆಗಿರಲು ಸಾಧ್ಯವೂ ಇಲ್ಲ. ಅಪ್ಪ ಅದಕ್ಕೆ ಒಂದು ವರ್ಷ ಮೊದಲೇ ತೀರಿಕೊಂಡಿದ್ದರು.

ಮಹೋತ್ಸವದ ದಿನ ವಿಜ್ಞಾನ ಕೊಠಡಿಯಲ್ಲಿ ವಸ್ತುಪ್ರದರ್ಶನ ಇದೆಯೆಂದು ಮುಖ್ಯೋಪಾಧ್ಯಾಯರು ತಿಳಿಸಿದ್ದಾರೆ. ಮೂರನ್ನೂ ತರುತ್ತಿದ್ದೇನೆ. ಬೆಚ್ಟ್ಲರನ ಡಾಲರನ್ನು ಕಳೆದ ತಿಂಗಳು ಪ್ಲಾಸ್ಟಿಕ್ ಡಬ್ಬಿ ಒಡೆದು ಹೊರಗೆ ತೆಗೆದೆ. ಮಕ್ಕಳು ಅಂಗೈ ಮೇಲೆ ಇಟ್ಟುಕೊಂಡು ತೂಕ ನೋಡಲಿ, ಪಕ್ಕದಲ್ಲೊಂದು ತಕ್ಕಡಿಯೂ ಇರುತ್ತದೆ. ಇಪ್ಪತ್ತೇಳು ಗ್ರೈನ್ ಎಂದರೆ ಒಂದು ಗ್ರಾಂ ಮುಕ್ಕಾಲು. ಅಪ್ಪನ ಒರೆಗಲ್ಲನ್ನೂ ಇಟ್ಟಿರುತ್ತೇನೆ. ಕರಡಿಯ ಬಿಲ್ಲೆಯನ್ನು ಯಾರು ಬೇಕಾದರೂ ಉಜ್ಜಿ ನೋಡಬಹುದು.